ಮೂರೇ ಗೆಲುವಿನ ಕಾರ್ಲೋಟಾ ಸಿಗಾಂಡಾ ದೊಡ್ಡ ಆಟಗಾರ್ತಿ ಹೇಗಾದರು?

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಮೈಸೂರಿನಲ್ಲಿ ಮೂರು ವರ್ಷದಿಂದ ಗಾಲ್ಫ್ ಕಲಿಯುತ್ತಿದ್ದಾಳೆ. ಸ್ಪೇನಿನ ಕಾರ್ಲೋಟಾ ಸಿಗಾಂಡಾ ಎಂದರೆ ಅವಳಿಗೆ ಪಂಚಪ್ರಾಣ. ಕೋಣೆಯ ಗೋಡೆ ಮೇಲೆ ಅವರದೇ ಚಿತ್ರ. ಯಾರಪ್ಪ ಇವರು ಎಂದು ನಾನೂ ಸ್ವಲ್ಪ ಓದಿ ನೋಡಿದೆ. ಅಮೆರಿಕದ ಟೂರ್‌ನಲ್ಲಿ ಇಷ್ಟು ವರ್ಷಕ್ಕೆ ಮೂರೇ ಗೆಲುವು. ಮೇಜರ್ ಎನ್ನುವ ಅತಿ ದೊಡ್ಡ ಟೂರ್ನಿ ಒಂದೂ ಗೆದ್ದಿಲ್ಲ. ನಡುವೆ ಸುಮಾರು ಒಂಬತ್ತು ವರ್ಷ ಬರಗಾಲ. ನಿಧಾನವಾಗಿ ಆಡಿದ್ದಕ್ಕೆ ಒಮ್ಮೆ ಟೂರ್ನಿಯಿಂದಲೇ ಹೊರಗೆ ಹಾಕಿದ್ದಾರೆ. ಇಂಥವರನ್ನು ದೊಡ್ಡ ಆಟಗಾರ್ತಿ ಎನ್ನುವುದು ಹೇಗೆ? ಬೇರೆ ಯಾರನ್ನಾದರೂ ನೋಡಿ ಕಲಿ ಎಂದು ಮಗಳಿಗೆ ಹೇಳಲೇ?

ಉತ್ತರ: ಬೇಡಮ್ಮಾ, ಆ ಚಿತ್ರ ಗೋಡೆಯ ಮೇಲೇ ಇರಲಿ. ನಿಮ್ಮ ಮಗಳ ಆಯ್ಕೆ ಚೆನ್ನಾಗಿದೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಗಾಲ್ಫ್ ಹೇಳಿಕೊಡುತ್ತಾ ಬಂದಿದ್ದೇನೆ. ಹತ್ತು ಮೇಜರ್ ಗೆದ್ದವರನ್ನು ನೋಡಿ ಮಕ್ಕಳು ಕಲಿಯುವುದಕ್ಕಿಂತ ಸಿಗಾಂಡಾ ಅಂಥವರನ್ನು ನೋಡಿ ಕಲಿಯುವುದೇ ಹೆಚ್ಚು ಎಂಬುದು ನನ್ನ ಅನುಭವ. ನೀವು ಬರೆದ ನಾಲ್ಕು ಸಂಗತಿಗಳಲ್ಲಿ ಎರಡು ಪೂರ್ತಿ ನಿಜ, ಒಂದು ಅರ್ಧ ನಿಜ, ಇನ್ನೊಂದು ಎಲ್ಲರೂ ತಪ್ಪಾಗಿ ಹೇಳುತ್ತಿರುವುದು. ಅವರ ಕಥೆಯನ್ನು ಮೊದಲಿಂದ ಹೇಳಿದರೆ ಅದು ತಾನಾಗಿಯೇ ಗೊತ್ತಾಗುತ್ತದೆ.

ಕಾರ್ಲೋಟಾ ಹುಟ್ಟಿದ್ದು 1990ರ ಜೂನ್ 1ರಂದು, ಉತ್ತರ ಸ್ಪೇನಿನ ಪ್ಯಾಂಪ್ಲೋನಾದಲ್ಲಿ. ಪ್ರತಿ ಜುಲೈನಲ್ಲಿ ಬೀದಿಗಳಲ್ಲಿ ಗೂಳಿಗಳ ಮುಂದೆ ಜನ ಓಡುತ್ತಾರಲ್ಲ, ಟಿವಿಯಲ್ಲಿ ನೀವೂ ನೋಡಿರಬಹುದು, ಅದೇ ಊರು. ಸುಮಾರು ಎರಡು ಲಕ್ಷ ಜನ, ಮೈಸೂರಿಗಿಂತ ಎಷ್ಟೋ ಚಿಕ್ಕದು. ಅಲ್ಲಿನವರಿಗೆ ಫುಟ್‌ಬಾಲ್ ಹುಚ್ಚು. ಕಾರ್ಲೋಟಾ ಅವರ ಚಿಕ್ಕಪ್ಪ ಹೋಸೆ ಆಂಹೆಲ್ ಸಿಗಾಂಡಾ ಅಥ್ಲೆಟಿಕ್ ಬಿಲ್ಬಾವೊ ತಂಡಕ್ಕೆ ಆಡಿದವರು, ಮುಂದೆ ಅದೇ ತಂಡಕ್ಕೆ ಕೋಚ್ ಕೂಡ ಆದರು. ಕಾರ್ಲೋಟಾ ಈಗಲೂ ಊರಿನ ಒಸಾಸುನಾ ತಂಡದ ಅಭಿಮಾನಿ. ಅವರು ಗಾಲ್ಫ್ ಆಡಿ ಬೆಳೆದದ್ದು ಊರಿನ ಉತ್ತರಕ್ಕೆ ಉಲ್ಸಾಮಾ ಕಣಿವೆಯಲ್ಲಿರುವ ಕ್ಲಬ್‌ನಲ್ಲಿ.

ಇದೇ ಪ್ಯಾಂಪ್ಲೋನಾದಿಂದ ಇನ್ನೊಬ್ಬಳು ಹುಡುಗಿ ಮೂರು ವರ್ಷ ಮೊದಲೇ ಹೊರಟಿದ್ದಳು. ಅವರೇ ಬಿಯಾಟ್ರಿಸ್ ರೆಕಾರಿ. 2010ರಲ್ಲಿ ಒಂದು, 2013ರಲ್ಲಿ ಎರಡು ಎಂದು ಅಮೆರಿಕದ ಟೂರ್‌ನಲ್ಲಿ ರೆಕಾರಿ ಅವರದೂ ಮೂರು ಗೆಲುವು. ಎರಡು ಲಕ್ಷ ಜನರ ಊರಿನಿಂದ ಎಲ್‌ಪಿಜಿಎಯಲ್ಲಿ, ಅಂದರೆ ಅಮೆರಿಕದ ಆ ಮಹಿಳಾ ಟೂರ್‌ನಲ್ಲಿ, ಗೆದ್ದವರು ಇಬ್ಬರು! ರೆಕಾರಿ ವಿಷಯದಲ್ಲಿ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಹೆಣ್ಣುಮಕ್ಕಳಿಗೆ ಕಲಿಸುವ ನಾನು ಇದನ್ನು ಯಾವಾಗಲೂ ನೆನಪಿಟ್ಟುಕೊಂಡಿರುತ್ತೇನೆ. ಊಟವನ್ನೇ ಬಿಡುತ್ತಾ ಹೋಗುವ ಕಾಯಿಲೆ ಅವರನ್ನು ಚಿಕ್ಕ ವಯಸ್ಸಿನಲ್ಲಿ ಬಾಧಿಸಿತ್ತು. ಅದನ್ನು ಮುಚ್ಚಿಡದೆ ಬಹಿರಂಗವಾಗಿ ಮಾತಾಡಿದವರು ಅವರು. ಆಟದ ಒತ್ತಡದಲ್ಲಿರುವ ಹುಡುಗಿ ತಟ್ಟೆ ಪಕ್ಕಕ್ಕೆ ಸರಿಸಲು ಶುರುಮಾಡಿದರೆ ‘ಡಯಟ್ ಮಾಡ್ತಿದಾಳೆ’ ಎಂದು ಸುಮ್ಮನಿರಬೇಡಿ.

ಕಾರ್ಲೋಟಾ ಕಥೆಗೆ ಮರಳುತ್ತೇನೆ. 14ನೇ ವಯಸ್ಸಿಗೇ, 2004ರಲ್ಲಿ, ಅವರು ಯುರೋಪಿನ ಮಹಿಳಾ ಅಮೆಚೂರ್ (ಹಣಕ್ಕಾಗಿ ಆಡದವರ) ಚಾಂಪಿಯನ್. ನಿಮ್ಮ ಮಗಳಿಗಿಂತ ಒಂದೇ ವರ್ಷ ದೊಡ್ಡವಳಾಗಿದ್ದಾಗ! 2008ರಲ್ಲಿ ಅದೇ ಪಟ್ಟ ಮತ್ತೊಮ್ಮೆ ಬಂತು. ಈ ಎರಡರ ನಡುವೆ 2007ರಲ್ಲಿ, ಅಮೆಚೂರ್ ಹುಡುಗಿಯರೆಲ್ಲ ಕನಸು ಕಾಣುವ ಬ್ರಿಟಿಷ್ ಲೇಡೀಸ್ ಅಮೆಚೂರ್ ಗೆದ್ದರು. ಫೈನಲ್‌ನಲ್ಲಿ ಎದುರಿಗಿದ್ದವರು ಸ್ವೀಡನ್ನಿನ ಆನಾ ನೂರ್ಡ್‌ಕ್ವಿಸ್ಟ್, ಮುಂದೆ ಮೂರು ಮೇಜರ್ ಗೆದ್ದವರು. 2006ರಿಂದ 2009ರವರೆಗಿನ ನಾಲ್ಕು ವರ್ಷಗಳಲ್ಲಿ ಆ ಬ್ರಿಟಿಷ್ ಪಟ್ಟ ಸ್ಪೇನಿಗೆ ಮೂರು ಸಲ ಹೋಯಿತು. 2006ರಲ್ಲಿ ಬೆಲೆನ್ ಮೋಸೊ, 2007ರಲ್ಲಿ ಕಾರ್ಲೋಟಾ, 2009ರಲ್ಲಿ ಅಸಹಾರಾ ಮುನ್ಯೋಸ್. ಒಬ್ಬಳು ಗೆದ್ದಿದ್ದರೆ ಅದೃಷ್ಟ ಎನ್ನಬಹುದಿತ್ತು. ಮೂವರು ಗೆದ್ದರೆಂದರೆ ಹಿಂದೆ ಸರಿಯಾಗಿ ಕಲಿಸುವ, ಎಳೆಯ ವಯಸ್ಸಿನಿಂದಲೇ ಹೊರದೇಶದ ಟೂರ್ನಿಗಳಿಗೆ ಕಳಿಸುವ ವ್ಯವಸ್ಥೆ ಇತ್ತು ಎಂದರ್ಥ.

ಆಮೇಲೆ ಕಾರ್ಲೋಟಾ ಹೋದದ್ದು ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ. ಮುನ್ಯೋಸ್ ಆಗಲೇ ಅಲ್ಲಿದ್ದರು, 2008ರ ಅಮೆರಿಕದ ಕಾಲೇಜು ಚಾಂಪಿಯನ್. 2009ರಲ್ಲಿ ಇಬ್ಬರೂ ಆಡಿದ ತಂಡ ಕಾಲೇಜು ಚಾಂಪಿಯನ್‌ಶಿಪ್ ಗೆದ್ದಿತು. ಕೆಲವು ವರ್ಷಗಳ ನಂತರ ಉತ್ತರ ಸ್ಪೇನಿನ ಇನ್ನೊಬ್ಬ ಹುಡುಗ ಅದೇ ಕಾಲೇಜು ಸೇರಿದ, ಅವನ ಹೆಸರು ಜಾನ್ ರಾಮ್. ಇದನ್ನು ಯಾಕೆ ಹೇಳಿದೆ ಎಂದರೆ, ತಂದೆತಾಯಿಯರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ‘ಪ್ರೊ (ವೃತ್ತಿಪರ) ಯಾವಾಗ ಆಗ್ಬೇಕು ಸರ್?’ ಎಂಬುದು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 17ನೇ ವಯಸ್ಸಿನಲ್ಲಿ ನೇರ ಯುರೋಪ್ ಟೂರ್‌ಗೆ ಸೇರಲು ನಡೆಯುವ ಆಯ್ಕೆ ಟೂರ್ನಿ ‘ಕ್ವಾಲಿಫೈಯಿಂಗ್ ಸ್ಕೂಲ್’ ಗೆದ್ದು ಪ್ರೊ ಆದರು, ಮೊದಲ ವರ್ಷವೇ ಎರಡು ಟೂರ್ನಿ ಗೆದ್ದರು. ಕಾರ್ಲೋಟಾ ಕಾಲೇಜಿಗೆ ಹೋಗಿ 2011ರಲ್ಲಿ, 21ನೇ ವಯಸ್ಸಿನಲ್ಲಿ, ಪ್ರೊ ಆದರು. ಎರಡೂ ದಾರಿ ನಡೆದಿವೆ. ಆದರೆ ನನ್ನನ್ನು ಕೇಳಿದರೆ, ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಕಾಲೇಜಿನ ದಾರಿಯೇ ಒಳ್ಳೆಯದು. ಕೋಚ್, ಮೈದಾನ, ಪ್ರಯಾಣ, ಓದು ಎಲ್ಲ ಸ್ಕಾಲರ್‌ಶಿಪ್‌ನಲ್ಲಿ ಸಿಗುತ್ತದೆ. ಮನೆ ಮಾರಿ ಆಡಿಸಬೇಕಾಗಿಲ್ಲ. ಸೋತ ದಿನ ಸಂಜೆ ಜೊತೆಗೆ ಕೂತು ಊಟ ಮಾಡಲು ನಾಲ್ಕು ಜನ ಗೆಳತಿಯರಿರುತ್ತಾರೆ.

2012 ಅವರ ಮೊದಲ ಪೂರ್ತಿ ವರ್ಷ, ಯುರೋಪಿನ ಮಹಿಳಾ ಟೂರ್‌ನಲ್ಲಿ. ನೆದರ್ಲೆಂಡ್ಸ್‌ನಲ್ಲೊಂದು, ಚೀನಾದಲ್ಲೊಂದು ಗೆಲುವು. ವರ್ಷದ ಕೊನೆಗೆ ಗಳಿಕೆಯ ಪಟ್ಟಿಯಲ್ಲಿ ಮೊದಲ ಸ್ಥಾನ, ಜೊತೆಗೆ ವರ್ಷದ ಹೊಸ ಆಟಗಾರ್ತಿ ಪ್ರಶಸ್ತಿಯೂ ಅವರಿಗೇ. ಹೊಸಬರು ಬಂದ ವರ್ಷವೇ ಹಳಬರನ್ನೆಲ್ಲ ದಾಟಿ ಪಟ್ಟಿಯ ತಲೆಯ ಮೇಲೆ ಕೂರುವುದು ಎಷ್ಟು ಅಪರೂಪ ಎಂದರೆ, ಇಂಗ್ಲೆಂಡಿನ ಲಾರಾ ಡೇವಿಸ್ ಅದನ್ನು ಮಾಡಿದ್ದು 1985ರಲ್ಲಿ. ಅಮೆರಿಕದ ಎಲ್‌ಪಿಜಿಎ ಗೆಲುವಿಗೆ ಮಾತ್ರ 2016ರವರೆಗೆ ಕಾಯಬೇಕಾಯಿತು. ಆ ಅಕ್ಟೋಬರ್‌ನಲ್ಲಿ ಕೊರಿಯಾದ ಇಂಚಿಯಾನ್‌ನಲ್ಲಿ ಅಲಿಸನ್ ಲೀ ಅವರನ್ನು ಸ್ಕೋರ್ ಸಮವಾದ ಮೇಲಿನ ಪ್ಲೇಆಫ್‌ನಲ್ಲಿ ಸೋಲಿಸಿ ಮೊದಲನೆಯದು, ಮರು ತಿಂಗಳೇ ಮೆಕ್ಸಿಕೊದಲ್ಲಿ ಲೊರೆನಾ ಒಚೋವಾ ಹೆಸರಿನ ಟೂರ್ನಿಯಲ್ಲಿ ಎರಡನೆಯದು. ಆಗ ಅವರಿಗೆ 26 ವರ್ಷ. ಇನ್ನು ಮುಂದೆ ವರ್ಷಕ್ಕೊಂದಾದರೂ ಬರುತ್ತದೆ ಎಂದು ಎಲ್ಲರೂ ಅಂದುಕೊಂಡೆವು.

ಮುಂದಿನ ಎಲ್‌ಪಿಜಿಎ ಗೆಲುವು ಬಂದದ್ದು 2025ರ ಜೂನ್ 15ರಂದು. 8 ವರ್ಷ 7 ತಿಂಗಳ ನಂತರ.

ನೀವು ‘ಬರಗಾಲ’ ಎಂದದ್ದು ಇದನ್ನೇ, ಅರ್ಧ ನಿಜ ಎಂದು ನಾನು ಹೇಳಿದ್ದೂ ಇದನ್ನೇ. ಆ ಅವಧಿಯಲ್ಲಿ ಅವರು ಗೆಲ್ಲಲೇ ಇಲ್ಲ ಎಂದುಕೊಂಡರೆ ತಪ್ಪು. 2019ರಲ್ಲಿ ಬಾರ್ಸಿಲೋನಾ ಹತ್ತಿರದ ಸಿಟ್ಜೆಸ್‌ನಲ್ಲಿ ಒಂದು ಟೂರ್ನಿ, 2021ರಲ್ಲಿ ಮಾರ್ಬೆಯಾದಲ್ಲಿ ಸ್ಪೇನ್ ಓಪನ್, 2023ರಲ್ಲಿ ಫ್ಲೋರಿಡಾದಲ್ಲಿ ಅರಾಮ್ಕೊ ತಂಡಗಳ ಸರಣಿಯ ವೈಯಕ್ತಿಕ ಪಟ್ಟ, 2024ರಲ್ಲಿ ಮತ್ತೆ ಸ್ಪೇನ್ ಓಪನ್. ಇವೆಲ್ಲ ಯುರೋಪ್ ಟೂರ್‌ನ ಲೆಕ್ಕಕ್ಕೆ ಹೋಗುತ್ತವೆ, ಅಮೆರಿಕದ ಪುಸ್ತಕದಲ್ಲಿ ಕಾಣುವುದಿಲ್ಲ. ಈ ಎರಡು ಸ್ಪೇನ್ ಓಪನ್‌ಗಳ ನಡುವೆ, 2023ರಲ್ಲಿ, ಅದೇ ಪಟ್ಟ ಯಾರಿಗೆ ಹೋಯಿತು ಗೊತ್ತೇ? ನಮ್ಮ ಅದಿತಿ ಅಶೋಕ್ ಅವರಿಗೆ, ಮಾರ್ಬೆಯಾದ ಲಾಸ್ ಬ್ರಿಸಾಸ್ ಮೈದಾನದಲ್ಲಿ. ಕಾರ್ಲೋಟಾ ಮತ್ತು ಅದಿತಿ ಇಬ್ಬರೂ ರಿಯೊ, ಟೋಕಿಯೊ, ಪ್ಯಾರಿಸ್ ಮೂರೂ ಒಲಿಂಪಿಕ್ಸ್ ಆಡಿದವರು. ರಿಯೊದಲ್ಲಿ ಅದಿತಿಗೆ ಕ್ಯಾಡಿಯಾಗಿ ಬ್ಯಾಗ್ ಹೊತ್ತವರು ಅಪ್ಪ, ಟೋಕಿಯೊದಲ್ಲಿ ಅಮ್ಮ. ಅಲ್ಲಿ ಒಂದೇ ಒಂದು ಹೊಡೆತದಿಂದ ಕಂಚು ತಪ್ಪಿ ನಾಲ್ಕನೆಯವರಾದ ಆ ಬೆಳಗ್ಗೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಗಾಲ್ಫ್ ಎಂದರೇನು ಎಂದು ತಿಳಿಯದ ಮನೆಗಳಲ್ಲೂ ಅವತ್ತು ನಸುಕಿಗೇ ಎದ್ದು ಟಿವಿ ಮುಂದೆ ಕೂತಿದ್ದರು.

ಗೆಲುವಿಲ್ಲದ ವರ್ಷ ಎಂದರೆ ಏನೆಂದು ಒಂದು ವಾರದ ಲೆಕ್ಕದಲ್ಲಿ ಹೇಳುತ್ತೇನೆ. ಸಾಮಾನ್ಯವಾಗಿ ಒಂದು ಎಲ್‌ಪಿಜಿಎ ಟೂರ್ನಿಗೆ 144 ಜನ ಇಳಿಯುತ್ತಾರೆ. ಸೋಮವಾರ ಪ್ರಯಾಣ, ಮಂಗಳವಾರ ಮೈದಾನ ನೋಡುವುದು, ಬುಧವಾರ ಪ್ರಾಯೋಜಕರ ಜೊತೆ ಆಡುವ ಪ್ರೊ-ಆಮ್. ಗುರುವಾರ, ಶುಕ್ರವಾರ ಆಟ. ಶುಕ್ರವಾರ ಸಂಜೆಗೆ ಅರ್ಧಕ್ಕಿಂತ ಹೆಚ್ಚು ಜನ ‘ಕಟ್’ ದಾಟಲಾಗದೆ, ಅಂದರೆ ಮುಂದಿನ ದಿನಗಳ ಆಟಕ್ಕೆ ಅರ್ಹರಾಗದೆ, ಗಂಟುಮೂಟೆ ಕಟ್ಟುತ್ತಾರೆ. ಬಹುಮಾನದ ಹಣ ಉಳಿದವರಿಗೆ ಮಾತ್ರ. ಕಟ್ ತಪ್ಪಿದರೂ ವಿಮಾನದ ಟಿಕೆಟ್, ಹೋಟೆಲ್, ಕ್ಯಾಡಿಯ ವಾರದ ಸಂಬಳ ತಪ್ಪುವುದಿಲ್ಲ. ಇದು ವರ್ಷಕ್ಕೆ ಇಪ್ಪತ್ತು ಇಪ್ಪತ್ತೈದು ವಾರ. ವರ್ಷದ ಕೊನೆಗೆ ಅಂಕಪಟ್ಟಿಯಲ್ಲಿ ಮೇಲಿನ ನೂರರೊಳಗೆ ಇಲ್ಲದಿದ್ದರೆ ಟೂರ್ ಕಾರ್ಡ್, ಅಂದರೆ ಟೂರ್‌ನಲ್ಲಿ ಆಡುವ ಹಕ್ಕು, ಕೈಬಿಡುವ ಭಯ, ಮತ್ತೆ ಕ್ವಾಲಿಫೈಯಿಂಗ್ ಸ್ಕೂಲ್‌ಗೆ ಹೋಗಿ ಇಪ್ಪತ್ತು ವರ್ಷದ ಹುಡುಗಿಯರ ಜೊತೆ ಸಾಲಿನಲ್ಲಿ ನಿಲ್ಲಬೇಕು. 2017ರಿಂದ 2025ರವರೆಗೆ ಕಾರ್ಲೋಟಾ ಆ ಸಾಲಿಗೆ ಬರಲಿಲ್ಲ. ಟ್ರೋಫಿ ಎತ್ತಿದ ಫೋಟೊ ಇಲ್ಲದ ಆ ವರ್ಷಗಳಲ್ಲೇ ಅವರು ಅತಿ ಕಷ್ಟದ ಕೆಲಸ ಮಾಡಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಕೊರಿಯಾ, ಜಪಾನ್, ಥಾಯ್ಲೆಂಡ್‌ನಿಂದ ಪ್ರತಿ ವರ್ಷ ಹೊಸ ಅಲೆ ಬರುತ್ತದೆ. ಹದಿಮೂರು ವರ್ಷ ಆ ಅಲೆಗಳ ನಡುವೆ ನೆಲ ಬಿಡದೆ ನಿಂತವರು ಬಹಳ ಮಂದಿ ಇಲ್ಲ.

ಇನ್ನು ನೀವು ಪ್ರಶ್ನೆಯಲ್ಲಿ ಬರೆಯದೇ ಬಿಟ್ಟ ಸಂಗತಿ, ಸೋಲ್ಹೈಮ್ ಕಪ್. ಕಾರ್ಲೋಟಾ ಹೆಸರು ಯುರೋಪಿನಲ್ಲಿ ಅಷ್ಟು ಪ್ರೀತಿಯಿಂದ ಕೇಳಿಬರುವುದಕ್ಕೆ ಇದೇ ಕಾರಣ. ಯುರೋಪ್ ಮತ್ತು ಅಮೆರಿಕದ ತಲಾ 12 ಆಟಗಾರ್ತಿಯರ ತಂಡಗಳು ಮೂರು ದಿನ ಆಡುವ ಕಪ್ ಇದು. ಒಟ್ಟು 28 ಪಂದ್ಯ. ಮೊದಲೆರಡು ದಿನ ಜೋಡಿಗಳ 16 ಪಂದ್ಯ, ಕೊನೆಯ ದಿನ ಒಬ್ಬರಿಗೊಬ್ಬರು 12. ಆಟಗಾರ್ತಿಯರಿಗೆ ಬಹುಮಾನದ ಹಣ ಒಂದು ಪೈಸೆಯೂ ಇಲ್ಲ. ಕಾರ್ಲೋಟಾ 2013ರಿಂದ 2024ರವರೆಗೆ ಏಳು ಸಲ, ಒಂದೂ ಬಿಡದೆ ಆಡಿದ್ದಾರೆ. 2013ರಲ್ಲಿ ಕೊಲರಾಡೊದಲ್ಲಿ ಯುರೋಪ್ 18–10ರಿಂದ ಗೆದ್ದಾಗ, ಅಮೆರಿಕದ ನೆಲದಲ್ಲಿ ಯುರೋಪಿಗೆ ಅದೇ ಮೊದಲ ಗೆಲುವು, ಅವರು ಆ ತಂಡದ ಹೊಸ ಮುಖ. 2019ರಲ್ಲಿ ಸ್ಕಾಟ್ಲೆಂಡಿನ ಗ್ಲೆನ್‌ಈಗಲ್ಸ್‌ನಲ್ಲಿ ಭಾನುವಾರದ ಮೊದಲ ಪಂದ್ಯಕ್ಕೆ ಇಳಿಸಿದ್ದು ಅವರನ್ನೇ. ಡ್ಯಾನಿಯೆಲ್ ಕಾಂಗ್ ಅವರನ್ನು ಕೊನೆಯ ಹೋಲ್‌ವರೆಗೆ ಎಳೆದು ಸೋಲಿಸಿದರು. ಅವತ್ತು ಯುರೋಪ್ ಗೆದ್ದದ್ದು ಒಂದೇ ಅಂಕದಿಂದ.

2023ರ ಸೆಪ್ಟೆಂಬರ್‌ನ ಕಥೆ ಇದೆಲ್ಲಕ್ಕಿಂತ ಮೇಲು. ಕಪ್ ಮೊದಲ ಸಲ ಸ್ಪೇನಿಗೆ ಬಂದಿತ್ತು, ದಕ್ಷಿಣದ ಮಾಲಗಾ ಪ್ರಾಂತ್ಯದ ಫಿಂಕಾ ಕೊರ್ತೆಸಿನ್ ಮೈದಾನಕ್ಕೆ. ಗುಡ್ಡ ಹತ್ತಿ ಗುಡ್ಡ ಇಳಿಯುವ ಮೈದಾನ, ನಡೆದೇ ಕಾಲು ಸೋಲುತ್ತದೆ. ತಂಡದ 12 ಜನರಲ್ಲಿ ಸ್ಪೇನಿನವರು ಕಾರ್ಲೋಟಾ ಒಬ್ಬರೇ. ಶುಕ್ರವಾರ ಬೆಳಗ್ಗೆ ಯುರೋಪ್ ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತಿತು. ನಾಯಕಿ ಸುಜಾನ್ ಪೆಟರ್ಸನ್ ತಂಡ ಶನಿವಾರ ಸಂಜೆಗೆ ಹೇಗೋ 8–8ಕ್ಕೆ ತಂದು ನಿಲ್ಲಿಸಿತು. ಕಪ್ ಯುರೋಪಿನ ಕೈಯಲ್ಲೇ ಇದ್ದುದರಿಂದ ಅವರಿಗೆ 14 ಅಂಕ ಸಾಕಿತ್ತು, ಸಮವಾದರೂ ಕಪ್ ಉಳಿಯುತ್ತದೆ.

ಭಾನುವಾರ ಕಾರ್ಲೋಟಾ ಎದುರಿಗೆ ನೆಲ್ಲಿ ಕೊರ್ಡಾ. ಒಲಿಂಪಿಕ್ ಚಿನ್ನ ಗೆದ್ದ, ವಿಶ್ವ ನಂಬರ್ ಒನ್ ಆಗಿದ್ದ ಕೊರ್ಡಾ. ಹಿಂದುಮುಂದಾಗುತ್ತಾ ಸಾಗಿದ ಪಂದ್ಯ ಕೊನೆಯ ಹೋಲ್‌ಗಳವರೆಗೆ ಬಂತು. ಇಡೀ ಕಪ್ ಇವರಿಬ್ಬರ ಮೇಲೆ ಬಂದು ಕೂತಿತ್ತು. 18ರಲ್ಲಿ 16ನೇ ಹೋಲ್. ಕಾರ್ಲೋಟಾ ಹೊಡೆದ ಚೆಂಡು ಬಾವುಟದ ಹತ್ತಿರ ಬಂದು ನಿಂತಿತು. ಬರ್ಡಿ, ಅಂದರೆ ನಿಗದಿಗಿಂತ ಒಂದು ಹೊಡೆತ ಕಡಿಮೆ. 17ನೇ ಹೋಲ್‌ನಲ್ಲೂ ಅದೇ, ಚೆಂಡು ಮತ್ತೆ ಬಾವುಟದ ಪಕ್ಕ. ನಾನು ಮನೆಯಲ್ಲಿ ಟಿವಿ ಮುಂದೆ ಎದ್ದು ನಿಂತುಬಿಟ್ಟಿದ್ದೆ. ಹೋಲ್ ಸುತ್ತ ಅವರ ದೇಶದವರು, ಅವರ ಭಾಷೆ, ಅವರ ಹೆಸರಿನ ಕೂಗು. ಅಂಥ ಹೊತ್ತಿನಲ್ಲಿ ಕೈ ನಡುಗದೆ ಐರನ್ ಕ್ಲಬ್‌ನಿಂದ ಹೊಡೆಯುವುದು ಎಂದರೇನು ಎಂದು ಆಡಿದವರಿಗೇ ಗೊತ್ತು. ಕೊರ್ಡಾ ಸೋತರು, ಯುರೋಪಿಗೆ 14ನೇ ಅಂಕ ಬಂತು, ಕಪ್ ಅಲ್ಲೇ ಉಳಿಯಿತು. ಆಮೇಲೆ ಅಮೆರಿಕದ ಲೆಕ್ಸಿ ಥಾಂಪ್ಸನ್ ಕೊನೆಯ ಪಂದ್ಯ ಗೆದ್ದು ಲೆಕ್ಕ 14–14 ಆಯಿತು. ಆ ವಾರ ಕಾರ್ಲೋಟಾ ಆಡಿದ್ದು ನಾಲ್ಕು ಪಂದ್ಯ, ಗೆದ್ದದ್ದು ನಾಲ್ಕೂ. ಎಲ್‌ಪಿಜಿಎ ಗೆಲುವುಗಳ ಪಟ್ಟಿಯಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ. ಅವರ ಬದುಕಿನ ಅತ್ಯುತ್ತಮ ಆಟ ಯಾವುದು ಎಂದು ನನ್ನನ್ನು ಕೇಳಿದರೆ ಆ ಎರಡು ಹೋಲ್‌ಗಳನ್ನೇ ತೋರಿಸುತ್ತೇನೆ.

ದೇಶಕ್ಕಾಗಿ ಗೆದ್ದದ್ದೂ ಇದೆ. 2014ರಲ್ಲಿ ದೇಶ ದೇಶಗಳ ನಡುವಿನ ಇಂಟರ್‌ನ್ಯಾಷನಲ್ ಕ್ರೌನ್ ಮೊದಲ ಸಲ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ನಡೆಯಿತು. ಅಮೆರಿಕ, ಕೊರಿಯಾ ಎಲ್ಲ ಇದ್ದ ಆ ಸ್ಪರ್ಧೆಯನ್ನು ಗೆದ್ದದ್ದು ಸ್ಪೇನ್. ತಂಡದ ನಾಲ್ವರು ಯಾರು? ಮುನ್ಯೋಸ್, ರೆಕಾರಿ, ಮೋಸೊ, ಸಿಗಾಂಡಾ. ಅದೇ ಅಮೆಚೂರ್ ದಿನಗಳ ಹುಡುಗಿಯರು.

ಮೇಜರ್ ಇಲ್ಲ ಎಂಬುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ವರ್ಷಕ್ಕೆ ಐದು ಮೇಜರ್ ನಡೆಯುವ ಮಹಿಳಾ ಗಾಲ್ಫ್‌ನಲ್ಲಿ 2025ರ ಕೊನೆಯವರೆಗೆ ಸ್ಪೇನಿನ ಯಾವ ಹೆಣ್ಣುಮಗಳೂ ಮೇಜರ್ ಗೆದ್ದಿಲ್ಲ. ಗಂಡಸರಲ್ಲಿ ಸೆವೆ ಬಾಯೆಸ್ಟೆರೋಸ್, ಒಲಾಸಾಬಲ್, ಗಾರ್ಸಿಯಾ, ರಾಮ್ ಎಂದು ಸಾಲು ಸಾಲು ಹೆಸರಿರುವ ದೇಶಕ್ಕೆ ಇದೊಂದು ದೊಡ್ಡ ಕೊರಗು. ಆದರೂ ಮಾರ್ತಾ ಫಿಗೆರಾಸ್-ದೊತ್ತಿ ಅವರ ಹೆಸರು ನಿಮ್ಮ ಮಗಳಿಗೆ ಗೊತ್ತಿರಲಿ. 1982ರಲ್ಲಿ, ಇನ್ನೂ ಅಮೆಚೂರ್ ಆಗಿದ್ದಾಗಲೇ, ರಾಯಲ್ ಬರ್ಕ್‌ಡೇಲ್‌ನಲ್ಲಿ ವೃತ್ತಿಪರರನ್ನೆಲ್ಲ ಹಿಂದಿಕ್ಕಿ ಮಹಿಳೆಯರ ಬ್ರಿಟಿಷ್ ಓಪನ್ ಗೆದ್ದವರು ಅವರು. ಅಮೆಚೂರ್ ಆದ್ದರಿಂದ ಬಹುಮಾನದ ಹಣ ಮುಟ್ಟುವಂತಿರಲಿಲ್ಲ. ಆ ಟೂರ್ನಿಯನ್ನು ಎಲ್‌ಪಿಜಿಎ ಮೇಜರ್ ಎಂದು ಪರಿಗಣಿಸಿದ್ದು 2001ರಿಂದ. ಹಾಗಾಗಿ ಇವತ್ತಿನ ಲೆಕ್ಕದಲ್ಲಿ ಅವರ ಗೆಲುವು ಮೇಜರ್ ಅಲ್ಲ. ಮುಂದೆ ಅವರೇ ಎಲ್‌ಪಿಜಿಎಗೆ ಹೋದ ಮೊದಲ ಸ್ಪೇನ್ ಆಟಗಾರ್ತಿಯಾದರು, 1994ರಲ್ಲಿ ಹವಾಯಿಯಲ್ಲಿ ಗೆದ್ದರು, ಇತ್ತೀಚಿನ ವರ್ಷಗಳಲ್ಲಿ ಯುರೋಪ್ ಟೂರ್‌ನ ಮಂಡಳಿಗೆ ಅಧ್ಯಕ್ಷೆಯೂ ಆಗಿದ್ದರು. ಕಾರ್ಲೋಟಾ ನಡೆದ ದಾರಿಯಲ್ಲಿ ಮೊದಲು ಮುಳ್ಳು ಸವರಿದವರು ಅವರು.

ಈಗ ಆ ಅನರ್ಹತೆಯ ವಿಷಯ. ಎಲ್ಲರೂ ತಪ್ಪಾಗಿ ಹೇಳುವುದು ಇದನ್ನೇ. 2023ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್ ಚಾಂಪಿಯನ್‌ಶಿಪ್‌ನಲ್ಲಿ, ಅದು ಮೇಜರ್, ಕಾರ್ಲೋಟಾ ಹೊರಬಿದ್ದದ್ದು ನಿಧಾನವಾಗಿ ಆಡಿದ್ದಕ್ಕಲ್ಲ. ನಿಧಾನಕ್ಕೆ ಸಿಕ್ಕ ದಂಡ ಎರಡು ಹೊಡೆತ ಮಾತ್ರ. ಎರಡನೇ ದಿನದ ಕೊನೆಯ ಹೋಲ್‌ನಲ್ಲಿ ಅವರ ಸಮಯ ಮೀರಿತೆಂದು ಅಧಿಕಾರಿಗಳು ಎರಡು ಹೊಡೆತ ಸೇರಿಸಿದರು. ಅವರು ಒಪ್ಪಲಿಲ್ಲ, ಮೇಲ್ಮನವಿ ಮಾಡಿದರು, ಅದೂ ತಿರಸ್ಕಾರವಾಯಿತು. ಆಮೇಲೆ ಅವರು ಆ ಎರಡು ಹೊಡೆತವನ್ನು ಬರೆದುಕೊಳ್ಳದೆಯೇ ಸ್ಕೋರ್‌ಕಾರ್ಡ್‌ಗೆ ಸಹಿ ಹಾಕಿ ಹೋದರು. ಗಾಲ್ಫ್‌ನಲ್ಲಿ ನಿಜಕ್ಕಿಂತ ಕಡಿಮೆ ಸ್ಕೋರ್ ಬರೆದ ಕಾರ್ಡ್ ಒಪ್ಪಿಸಿದರೆ ಅನರ್ಹತೆ. ಯಾರೇ ಆಗಲಿ, ಎಷ್ಟೇ ದೊಡ್ಡವರಾಗಲಿ.

ಇದರಲ್ಲಿ ನಾನು ಕಾರ್ಲೋಟಾ ಪರ ನಿಲ್ಲಲಾರೆ. ಸಮಯದ ತೀರ್ಪು ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಅಂಪೈರ್ ಇಲ್ಲದೆ ನಡೆಯುವ ಆಟ ಇದು, ನಮ್ಮ ಹೊಡೆತಗಳಿಗೆ ನಾವೇ ಹೊಣೆ. ತೀರ್ಪು ಬಂದ ಮೇಲೆ ಬರೆದುಕೊಂಡು, ಸಹಿ ಹಾಕಿ, ಆಮೇಲೆ ಬೇಕಾದಷ್ಟು ಜಗಳ ಆಡಬಹುದಿತ್ತು. ಅವರ ಮೇಲೆ ಇಷ್ಟು ಅಭಿಮಾನ ಇಟ್ಟುಕೊಂಡೂ ಅವತ್ತು ನನಗೆ ಬೇಸರವಾಯಿತು. ಅದು ಮೊದಲ ಸಲವೂ ಆಗಿರಲಿಲ್ಲ. 2021ರಲ್ಲಿ ಲಾಸ್ ವೇಗಸ್‌ನಲ್ಲಿ ಇಬ್ಬಿಬ್ಬರೇ ಎದುರುಬದುರಾಗಿ ಆಡುವ ಮ್ಯಾಚ್‌ಪ್ಲೇ ಟೂರ್ನಿಯಲ್ಲೂ ಕೊನೆಯ ಹೋಲ್‌ನಲ್ಲಿ ನಿಧಾನದ ದಂಡ ಬಿದ್ದು, ಗೆದ್ದೆ ಎಂದುಕೊಂಡಿದ್ದ ಪಂದ್ಯ ಅವರ ಕೈಜಾರಿತ್ತು. ಇಂಥದ್ದೇ ದಂಡ 2012ರ ಮ್ಯಾಚ್‌ಪ್ಲೇ ಸೆಮಿಫೈನಲ್‌ನಲ್ಲಿ ಮುನ್ಯೋಸ್ ಎದುರಾಳಿ ಮಾರ್ಗನ್ ಪ್ರೆಸೆಲ್ ಅವರಿಗೆ ಬಿದ್ದಿತ್ತು. ಮುನ್ಯೋಸ್ ಆ ಪಂದ್ಯವನ್ನೂ ಫೈನಲನ್ನೂ ಗೆದ್ದು ತಮ್ಮ ಎಲ್‌ಪಿಜಿಎ ಪಟ್ಟ ಪಡೆದರು.

ನಿಯಮ ಪುಸ್ತಕ ಹೇಳುವುದು ಒಂದು ಹೊಡೆತಕ್ಕೆ 40 ಸೆಕೆಂಡ್ ಸಾಕು ಎಂದು. ಗುಂಪು ಹಿಂದೆ ಬಿದ್ದರೆ ಅಧಿಕಾರಿ ಗಡಿಯಾರ ಹಿಡಿದು ಜೊತೆಗೆ ನಡೆಯುತ್ತಾರೆ. 2025ರ ಮಾರ್ಚ್‌ನಿಂದ ಎಲ್‌ಪಿಜಿಎ ಇನ್ನೂ ಬಿಗಿ ಮಾಡಿದೆ. ಕೊಟ್ಟ ಸಮಯಕ್ಕಿಂತ 5 ಸೆಕೆಂಡ್‌ವರೆಗೆ ಮೀರಿದರೆ ಹಣದ ದಂಡ, 6ರಿಂದ 15 ಸೆಕೆಂಡ್ ಮೀರಿದರೆ ಒಂದು ಹೊಡೆತ, ಅದಕ್ಕೂ ಮೇಲೆ ಹೋದರೆ ಎರಡು. ನನ್ನ ಬಳಿ ಕಲಿಯುತ್ತಿದ್ದ ಹುಡುಗಿಯೊಬ್ಬಳು ಪಟ್ (ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ) ಹೊಡೆಯುವ ಮುಂಚೆ ಮೂರು ಕಡೆಯಿಂದ ಕೂತು ನೋಡಿ, ಎದ್ದು, ಮತ್ತೆ ಕೂತು ನೋಡುತ್ತಿದ್ದಳು. ಒಂದು ದಿನ ಹೇಳದೆ ಸ್ಟಾಪ್‌ವಾಚ್ ಒತ್ತಿದೆ. 71 ಸೆಕೆಂಡ್. ತೋರಿಸಿದಾಗ ಅವಳು ನಂಬಲಿಲ್ಲ, ‘ಇಪ್ಪತ್ತು ಇರಬೇಕು ಸರ್’ ಎಂದಳು. ಆಡುವವರಿಗೆ ತಮ್ಮ ಸಮಯ ತಮಗೇ ತಿಳಿಯುವುದಿಲ್ಲ. ಎರಡು ತಿಂಗಳು ಕೂತು ಅದನ್ನು 35ಕ್ಕೆ ಇಳಿಸಿದೆವು. ಎರಡು ಸಲ ನೋಡುವುದನ್ನು ಬಿಟ್ಟಳು, ಬೇರೆಯವರು ಹೊಡೆಯುವಾಗಲೇ ತನ್ನ ಸಾಲು ನೋಡಿಟ್ಟುಕೊಳ್ಳುವುದು ಕಲಿತಳು. ಅವಳ ಪಟ್‌ಗಳು ಮೊದಲಿಗಿಂತ ಹೆಚ್ಚು ಬೀಳತೊಡಗಿದವು.

ಅದೇ 2025ರಲ್ಲಿ, ಆ ಬಿಗಿ ನಿಯಮ ಬಂದ ಮೂರು ತಿಂಗಳಿಗೆ, ಮಿಷಿಗನ್‌ನ ಮೈಯರ್ ಕ್ಲಾಸಿಕ್. ಕಾರ್ಲೋಟಾಗೆ 35 ತುಂಬಿ ಎರಡು ವಾರ. ಭಾನುವಾರ ಕೊನೆಯ ಎರಡು ಹೋಲ್ ಉಳಿದಾಗ ಗೆಲ್ಲಲು ಎರಡರಲ್ಲೂ ಬರ್ಡಿ ಬೇಕಿತ್ತು. ಎರಡೂ ಬಂತು. 16 ಅಂಡರ್, ಅಂದರೆ ನಿಗದಿಗಿಂತ 16 ಹೊಡೆತ ಕಡಿಮೆ, ಕೊರಿಯಾದ ಚೋಯ್ ಹ್ಯೇ-ಜಿನ್ ಅವರಿಗಿಂತ ಒಂದೇ ಒಂದು ಹೊಡೆತ ಮುಂದೆ. ಫಿಂಕಾ ಕೊರ್ತೆಸಿನ್‌ನಲ್ಲಿ 16–17, ಇಲ್ಲಿ 17–18. ಕೊನೆಯ ಗಳಿಗೆಯಲ್ಲಿ ಕಾಯದೆ ಮುಂದೆ ನುಗ್ಗುವ ಆಟ ಅವರದು. ಆ ಸ್ವಭಾವವೇ ಅವರಿಗೆ ಎಷ್ಟೋ ಸಲ ಬೋಗಿ (ನಿಗದಿಗಿಂತ ಒಂದು ಹೊಡೆತ ಹೆಚ್ಚು) ತಂದುಕೊಟ್ಟಿದೆ, ಎಷ್ಟೋ ಸಲ ಎರಡನೇ ಸ್ಥಾನಕ್ಕೆ ತಳ್ಳಿದೆ. ನಿಮ್ಮ ಮಗಳು ಬಹುಶಃ ಇದನ್ನೇ ಕಂಡು ಮೆಚ್ಚಿರಬೇಕು, ಕೇಳಿ ನೋಡಿ.

ಬೇರೆ ಯಾರನ್ನಾದರೂ ನೋಡಬೇಕೇ ಎಂದು ಕೇಳಿದ್ದೀರಿ. ಕಾರ್ಲೋಟಾ ಬದಲಿಗೆ ಬೇಡ, ಜೊತೆಗೆ ನೋಡಲಿ. ನಿಮ್ಮೂರಿನವರೇ ಆದ ಪ್ರಣವಿ ಅರಸ್ ಯುರೋಪ್ ಟೂರ್‌ನಲ್ಲಿ ಆಡುತ್ತಿದ್ದಾರೆ. ಕಾರ್ಲೋಟಾ ಮೊದಲ ವರ್ಷ ಗೆದ್ದದ್ದೂ ಅದೇ ಟೂರ್‌ನಲ್ಲಿ. ಪ್ರಣವಿ ಆಡುವ ವಾರ ಲೀಡರ್‌ಬೋರ್ಡ್ ತೆಗೆದು ಆಟ ನಡೆಯುವ ಪ್ರತಿ ದಿನದ ಸ್ಕೋರನ್ನು ಮಗಳ ಕೈಯಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಕಟ್ ತಪ್ಪಿದ ವಾರಗಳನ್ನೂ ಬರೆಯಲಿ. ಟೂರ್ ಎಂದರೇನು ಎಂದು ನಾನು ಇಲ್ಲಿ ಇಷ್ಟುದ್ದ ಬರೆದು ಹೇಳಿದ್ದಕ್ಕಿಂತ ಚೆನ್ನಾಗಿ ಆರು ತಿಂಗಳ ಆ ನೋಟ್‌ಬುಕ್ ಹೇಳುತ್ತದೆ.

ಇನ್ನೊಂದು ಕೆಲಸ ನಿಮಗೆ. ಬರುವ ಭಾನುವಾರ ಅವಳ ಜೊತೆ ಮೈದಾನಕ್ಕೆ ಹೋದಾಗ ಫೋನಿನ ಸ್ಟಾಪ್‌ವಾಚ್ ತೆಗೆದಿಡಿ. ಅವಳಿಗೆ ಹೇಳಬೇಡಿ. ಅವಳ ಸರದಿ ಬಂದ ಕ್ಷಣದಿಂದ ಕ್ಲಬ್ ಚೆಂಡಿಗೆ ತಾಗುವವರೆಗೆ ಹತ್ತು ಹೊಡೆತಗಳ ಸಮಯ ಬರೆದುಕೊಳ್ಳಿ. ಐದು ಪಟ್, ಐದು ಐರನ್. ಆ ಹತ್ತು ಅಂಕಿಗಳನ್ನು ನನಗೆ ಕಳಿಸಿ, ಮುಂದೇನು ಮಾಡಬೇಕೆಂದು ಬರೆಯುತ್ತೇನೆ.